ಏಳು ತೇಪೆಯ ಅಂಗಿ

ಹಾನಗಲ್ಲಿನ ಶಿದ್ಲಿಂಗಪ್ಪ ಬಾಯಿ ಮುಚ್ಚಿಕೊಂಡು ಕೂತದ್ದನ್ನು ಕಂಡವರು ಊರಲ್ಲಿ ಬಹಳ ಜನ ಇರಲಿಲ್ಲ. ಹೆಂಡತಿ ಶಿವಬಸವ್ವ ಕೂಡ ಕಂಡಿರಲಿಲ್ಲ. ಊಟಕ್ಕೆ ಕೂತರೂ ಅವನು ತುತ್ತು ನುಂಗುವ ಮೊದಲೇ ಆ ತುತ್ತಿನ ಅರ್ಥ ಹೇಳುತ್ತಿದ್ದ. ಅದು ಅವನ ಕಸುಬಿನಿಂದ ಬಂದ ಚಾಳಿ. ಶ್ರಾವಣ ಮಾಸದಲ್ಲಿ ಮಠದ ಪುರಾಣಕ್ಕೆ ಇಪ್ಪತ್ತು ವರ್ಷ ಅರ್ಥ ಹೇಳಿದ ಬಾಯಿ ಅದು.

ಪುರಾಣವೆಂದರೆ ಇಬ್ಬರ ಕೆಲಸ. ಒಬ್ಬ ಪದ್ಯವನ್ನು ರಾಗವಾಗಿ ಓದಬೇಕು. ಇನ್ನೊಬ್ಬ ಅದನ್ನು ಬಿಡಿಸಿ ಹೇಳಿ, ನಾಲ್ಕು ಉಪಕಥೆ ಸೇರಿಸಿ, ಕೇಳುವವರನ್ನು ಎಚ್ಚರವಾಗಿಡಬೇಕು. ಓದುವುದು ಕರಬಸಪ್ಪನ ಪಾಲು, ಅರ್ಥ ಹೇಳುವುದು ಶಿದ್ಲಿಂಗಪ್ಪನ ಪಾಲು. ಇಬ್ಬರೂ ಒಂದೇ ಓಣಿಯಲ್ಲಿ ಹುಟ್ಟಿ, ಊರಿನ ಒಂದೇ ಗಾಂವಠಿ ಶಾಲೆಯಲ್ಲಿ ಏಟು ತಿಂದು, ಕಡೆಗೆ ಒಂದೇ ಬಾಕಿನ ಎರಡು ತುದಿಗೆ ಕೂತು ದೊಡ್ಡವರೆನಿಸಿಕೊಂಡವರು. ಕರಬಸಪ್ಪ ಅಕ್ಷರ ಅಕ್ಷರ ನೋಡಿ ಓದುವವನು, ಒಂದು ಕೊಂಬು, ಒಂದು ದೀರ್ಘ ಬಿಡುವವನಲ್ಲ. ಶಿದ್ಲಿಂಗಪ್ಪ ಕಣ್ಣು ಮುಚ್ಚಿ ಹೇಳುವವನು. ಅವನಿಗೆ ಪುಸ್ತಕ ಬೇಕಾಗಿರಲಿಲ್ಲ. ನಿಜ ಹೇಳಬೇಕೆಂದರೆ ಓದುವವನೂ ಬೇಕಾಗಿರಲಿಲ್ಲ ಎಂಬಂತೆ ಇರುತ್ತಿದ್ದ.

"ನೀ ನನ್ನ ಓದು ಕೇಳೂದ ಇಲ್ಲ" ಎಂದು ಕರಬಸಪ್ಪ ಆಗಾಗ ಅನ್ನುತ್ತಿದ್ದ. ಶಿದ್ಲಿಂಗಪ್ಪ ನಕ್ಕುಬಿಡುತ್ತಿದ್ದ. ಎಪ್ಪತ್ತೇಳರ ಶ್ರಾವಣದಲ್ಲಿ ಒಂದು ಸಂಜೆ ಕರಬಸಪ್ಪ ಇದನ್ನು ಪರೀಕ್ಷೆ ಮಾಡಿಯೇ ನೋಡಿದ. ಅಂದು ಶರಣರು ಹುಟ್ಟುವ ಅಧ್ಯಾಯ. ಅದನ್ನು ಬಿಟ್ಟು ಅವನು ಶರಣರು ಲಿಂಗೈಕ್ಯರಾಗುವ ಅಧ್ಯಾಯ ತೆರೆದು, ಗಂಟಲು ತುಂಬಿ ಬರುವಂತೆ ಓದಿದ. ಶಿದ್ಲಿಂಗಪ್ಪ ಕಣ್ಣು ಮುಚ್ಚಿಕೊಂಡು ತೊಟ್ಟಿಲು ಕಟ್ಟಿಸಿದ, ಹೆಸರಿಟ್ಟ, ಊರಿಗೆಲ್ಲ ಸಕ್ಕರೆ ಹಂಚಿಸಿದ. ಅಲ್ಲಿ ಹೆಣ ಹೊರಟರೆ ಇಲ್ಲಿ ಜೋಗುಳ ಸುರುವಾಯಿತು. ಮೊದಲು ಹೆಣ್ಣುಮಕ್ಕಳು ಬಾಯಿಗೆ ಸೆರಗು ಒತ್ತಿಕೊಂಡರು. ಆಮೇಲೆ ಗಂಡಸರು ಕೆಮ್ಮಿದರು. ಕಡೆಗೆ ಸ್ವಾಮಿಗಳೇ ಗಡ್ಡ ಹಿಡಿದುಕೊಂಡು ನಕ್ಕಮೇಲೆ ಇಡೀ ಮಠ ಹೊಟ್ಟೆ ಹಿಡಿದು ಉರುಳಾಡಿತು.

ಶಿದ್ಲಿಂಗಪ್ಪ ಕಣ್ಣು ತೆರೆದ, ಎದ್ದ, ಚಪ್ಪಲಿ ಮೆಟ್ಟಿದ, ಹೋದ. ಮರುದಿನದಿಂದ ಸಿಕ್ಕವರಿಗೆಲ್ಲ "ಅಂವಗ ಓದಾಕ ಬರೂದಿಲ್ಲ" ಎಂದು ಹೇಳಿಕೊಂಡು ತಿರುಗಿದ. ಆ ಮಾತು ಕಿವಿಗೆ ಬಿದ್ದಮೇಲೆ ಕರಬಸಪ್ಪ ಗಂಟುಮೂಟೆ ಕಟ್ಟಿ ಚಿಕ್ಕೇರೂರಿನ ತನ್ನ ಹೊಲದ ಮನೆಗೆ ಹೋದ. ಒಂಬತ್ತು ವರ್ಷ ಇಬ್ಬರಿಗೂ ಮಾತಿಲ್ಲ. ಮಠದವರು ಶಿಗ್ಗಾವಿಯಿಂದ ಬೇರೆ ಜೋಡಿಯನ್ನು ಕರೆಸತೊಡಗಿದರು.

ಆ ಒಂಬತ್ತು ವರ್ಷ ಶಿದ್ಲಿಂಗಪ್ಪನಿಗೆ ಬದುಕು ಸಪ್ಪೆಯಾಗಿತ್ತು. ಶ್ರಾವಣ ಬಂದರೆ ಸಂಜೆ ಎಲ್ಲಿ ಕೂಡುವುದೆಂದು ತಿಳಿಯುತ್ತಿರಲಿಲ್ಲ. ತಪ್ಪು ಯಾರದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. 'ನಂದ ತಪ್ಪು' ಎಂಬ ಎರಡು ಮಾತು ಅಂದಿದ್ದರೆ ಗೆಳೆಯ ತಿರುಗಿ ಬರುತ್ತಿದ್ದ. ದಿನಕ್ಕೆ ಹತ್ತು ಸಾವಿರ ಮಾತಾಡುವವನ ಬಾಯಿಗೆ ಆ ಎರಡು ಮಾತ್ರ ಬರಲಿಲ್ಲ.

ಎಂಬತ್ತಾರನೆಯ ಇಸವಿಯ ಸಂಕ್ರಾಂತಿ ಮುಗಿದ ಹೊಸತರಲ್ಲಿ ಚಮನಬಿ ಅವನನ್ನು ಕರೆಸಿದಳು. ಚಮನಬಿ ಅಂದರೆ ಮಾರುಕಟ್ಟೆ ಹತ್ತಿರ ಭತ್ತದ ಚೀಲ ತುಂಬಿಡುವ ವಖಾರಿ ಇಟ್ಟುಕೊಂಡಿದ್ದ ಗಟ್ಟಿ ಹೆಣ್ಣು. ಸವಣೂರಿನ ತವರಿನ ತಮ್ಮ ಕುವೈತಿನಲ್ಲಿ ಡ್ರೈವರ್. ಅವನು ಬಣ್ಣದ ಟಿವಿ, ವಿಸಿಆರ್ ಕಳಿಸಿದ್ದ. ಜತೆಗೆ ಒಂದು ಟ್ರಂಕು ತುಂಬ ಇಪ್ಪತ್ತೆರಡು ಕ್ಯಾಸೆಟ್ಟು. "ನಮ್ಮ ಮಾಲೀಕನ ಮಕ್ಕಳು ದೊಡ್ಡವರಾದರು, ಇವು ಬೇಡವೆಂದು ಕೊಟ್ಟರು. ಜಪಾನಿನವರು ಬರೆದ ಚಿತ್ರಗಳ ಕಥೆ, ಬಹಳ ಉದ್ದ, ಬಹಳ ಚಂದ. ಸಾಲಾಗಿ ಇಟ್ಟಿದ್ದೇನೆ, ಸಾಲು ಕೆಡಿಸಬೇಡಿ" ಎಂದು ಪತ್ರ ಬರೆದಿದ್ದ. ಕ್ಯಾಸೆಟ್ಟುಗಳ ಮೇಲಿನ ನಂಬರಿನ ಚೀಟಿಗಳು ಹಡಗಿನ ಸೆಕೆಗೆ ಉದುರಿ ಟ್ರಂಕಿನ ತಳದಲ್ಲಿ ಬಿದ್ದಿದ್ದವು.

ಚಿತ್ರ ಜಪಾನಿನದು, ಮಾತು ಅರಬ್ಬಿ. ಮೊದಲ ಸಲ ಹಚ್ಚಿದಾಗ, ಹಂದಿಯಂಥ ಮುಖದ ಸೈನಿಕನೊಬ್ಬ ಅರಬ್ಬಿಯಲ್ಲಿ ಏನೋ ಬಯ್ದದ್ದಕ್ಕೆ ಚಮನಬಿಯ ಅತ್ತೆ ಭಕ್ತಿಯಿಂದ ತಲೆ ಮೇಲೆ ಸೆರಗು ಎಳೆದುಕೊಂಡಳು. ಬೈಗುಳವೋ ಪ್ರಾರ್ಥನೆಯೋ ಒಬ್ಬರಿಗೂ ಗೊತ್ತಾಗಲಿಲ್ಲ.

"ತಿಳೀಲಾರದ ಮಾತಿಗೆ ಅರ್ಥ ಹೇಳೂದು ನಿಮ್ಮ ಕಸಬಲ್ರಿ?" ಎಂದಳು ಚಮನಬಿ. "ಐತವಾರ ಮಧ್ಯಾಹ್ನ ನನ್ನ ವಖಾರಿ ಖಾಲಿ ಇರ್ತೈತಿ. ಬಂದು ಹೇಳ್ರಿ. ಮಂದಿ ಚಾಪಿ ತಾವ ತರ್ತಾರ."

ಶಿದ್ಲಿಂಗಪ್ಪನಿಗೆ ಒಂಬತ್ತು ವರ್ಷದ ಮೇಲೆ ಓದುವವನು ಸಿಕ್ಕಂತಾಯಿತು. ಈ ಓದುವವನು ಬೇಕೆಂದೇ ಬೇರೆ ಅಧ್ಯಾಯ ಓದಿ ಮಾನ ಕಳೆಯುವವನಲ್ಲ. ಮೊದಲ ಐತವಾರ ಚಮನಬಿ ಲೈನ್‌ಮನ್ ಜೊತೆ ಜಗಳಕ್ಕೆ ಹೋದಾಗ ಟ್ರಂಕು ತೆರೆದವನು ಅವನೇ. ಪುರಾಣದ ಪುಸ್ತಕ ತೆರೆಯುವವನ ಹಾಗೆ ಕೈ ಮುಗಿದು, ಎಡಗಡೆಯ ಮೊದಲ ಕ್ಯಾಸೆಟ್ಟು ತೆಗೆದ. ಮುಂದಿನ ವಾರ ಅದರ ಪಕ್ಕದ್ದು. ಟ್ರಂಕಿನ ಕೀಲಿಯನ್ನು ಶಿವದಾರದ ಹಾಗೆ ಕೊರಳಿಗೆ ಹಾಕಿಕೊಂಡು ತಿರುಗಿದ. ಶಿವಬಸವ್ವ ಅದನ್ನು ನೋಡಿ ನಾಚಿಕೆಪಟ್ಟಳು.

ಕಥೆ ಹೀಗಿತ್ತು. ತಲೆಯ ಮೇಲೆ ಸಣ್ಣ ದೀಪ ಹೊತ್ತ ಒಬ್ಬ ಹುಡುಗಿ. ಹಸಿರು ಅಂಗಿ, ಅದರ ತುಂಬ ತೇಪೆ. ಅವಳ ಬೆನ್ನಿಗೆ ಎಮ್ಮೆಯಷ್ಟು ದೊಡ್ಡ, ಮೊಲದ ಕಿವಿಯ ಒಂದು ಪ್ರಾಣಿ. ಗಾಳಿಯನ್ನೆಲ್ಲ ಕೋಟೆಯೊಳಗೆ ಕೂಡಿಹಾಕಬಲ್ಲ ಕೊಂಬಿನ ರಾಜ. ಮೊದಲ ಕ್ಯಾಸೆಟ್ಟಿನಲ್ಲೇ ಆ ರಾಜ ಕಣ್ಣೀರು ಹಾಕಿ, ಗಾಳಿಯನ್ನೆಲ್ಲ ಬಿಟ್ಟುಕೊಟ್ಟು, ಹುಡುಗಿಯ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟ. ವಖಾರಿಗೆ ವಖಾರಿಯೇ ಅತ್ತಿತು. ಎರಡನೆಯ ವಾರ ನೋಡಿದರೆ ರಾಜ ಕುದುರೆ ಏರಿ ಬರುತ್ತಿದ್ದಾನೆ.

"ಸತ್ತಾಂವ ಹೆಂಗ ಬಂದಾನ್ರಿ?" ಎಂದು ಮಾಸೂರಿನ ಫಕ್ಕೀರಪ್ಪ ಕೇಳಿದ. ಮದಗದ ಕೆರೆಯ ನೀರಲ್ಲಿ ಭತ್ತ ಬೆಳೆಯುವ ಅವನು ಐತವಾರವೆಂದರೆ ಮೊದಲ ಬಸ್ಸಿಗೇ ಬಂದು ಮುಂದಿನ ಸಾಲಿನಲ್ಲಿ ಕೂಡುತ್ತಿದ್ದ.

ಶಿದ್ಲಿಂಗಪ್ಪ ಕಣ್ಣು ಸಹ ಮಿಟುಕಿಸಲಿಲ್ಲ. "ಇದು ಹಿಂದಿನ ಜನ್ಮ" ಎಂದ. "ಅಷ್ಟು ದೊಡ್ಡ ಮನಸು ಅವಗ ಎಲ್ಲಿಂದ ಬಂತು? ಹಿಂದಿನ ಜನ್ಮ ನೋಡಬೇಕು. ಆ ಜನ್ಮದ ಕಾರಣ ಅದರ ಹಿಂದಿನ ಜನ್ಮದಾಗ. ಇಪ್ಪತ್ತೆರಡು ಜನ್ಮದ ಕಥಿ ಇದು."

ಜನ ತಲೆದೂಗಿದರು. ಯಾವ ಪುರಾಣದಲ್ಲಾದರೂ ಕಥೆ ಹಿಂದಿನ ಜನ್ಮಕ್ಕೆ ಹೋಗದೆ ಇದ್ದದ್ದುಂಟೆ? ರಾಜನಿಗೆ ಕುಷ್ಠವೇಕೆ ಬಂತೆಂದರೆ ಹಿಂದಿನ ಜನ್ಮದಲ್ಲಿ ಅವನೊಬ್ಬ ಬೇಡ. ಹಾನಗಲ್ಲಿನವರಿಗೆ ಇದು ಹಾಲು ಕುಡಿದಷ್ಟು ಸಲೀಸಾಗಿ ತಿಳಿಯಿತು. ವಾರ ವಾರ ರಾಜ ಹೆಚ್ಚು ಹೆಚ್ಚು ಕೆಟ್ಟವನಾಗುತ್ತ ಹೋದ, ಹುಡುಗಿ ಸಣ್ಣವಳಾಗುತ್ತ ಹೋದಳು, ಮೊಲದ ಕಿವಿಯ ಪ್ರಾಣಿಗೆ ಅವಳ ಗುರುತೇ ಇಲ್ಲದ ಜನ್ಮವೂ ಒಂದು ಬಂತು. ಶಿದ್ಲಿಂಗಪ್ಪನ ಬಾಯಲ್ಲಿ ಎಲ್ಲಕ್ಕೂ ಕಾರಣವಿತ್ತು. ಕರೆಂಟು ಹೋದರೂ ಕಥೆ ನಿಲ್ಲುತ್ತಿರಲಿಲ್ಲ. ತಿರುಗಿ ಬಂದಾಗ ಚಿತ್ರವೇ ಓಡಿಬಂದು ಅವನನ್ನು ಹಿಡಿಯಬೇಕಾಗುತ್ತಿತ್ತು.

ಏಪ್ರಿಲ್ ಹೊತ್ತಿಗೆ ಊರಲ್ಲಿ ಇದೇ ಮಾತಾಯಿತು. ಹೋಟೆಲಿನಲ್ಲಿ, ಕಬ್ಬಿನ ಗಾಡಿಯ ಮೇಲೆ, ಕಚೇರಿಯ ಕಟ್ಟೆಯಲ್ಲಿ, ಈ ಕಥೆ ಯಾಕೆ ಇಷ್ಟು ಚಲೋ ಎಂಬುದೇ ಚರ್ಚೆ. ಫಕ್ಕೀರಪ್ಪನ ಪ್ರಕಾರ ಅದರಲ್ಲಿ ಊಟ ಖರೇ ಊಟದ ಹಾಗೆ ಇರುತ್ತದೆ. "ನಮ್ಮ ಸಿನಿಮಾದಾಗ ತಾಟಿಗೆ ಕೈ ಹಚ್ಚೂದರಾಗ ಜಗಳ ಬರ್ತೈತಿ. ಇಲ್ಲಿ ಆ ಹುಡುಗಿ ಬಿಸಿ ಗಂಜಿ ಊದಿ ಊದಿ ಕುಡಿಯೂದನ್ನ ಪೂರಾ ತೋರಿಸ್ತಾರ" ಎನ್ನುತ್ತಿದ್ದ. ಚಮನಬಿಗೆ ಕೊಂಬಿನ ರಾಜ ಹಿಡಿಸಿದ್ದ. "ಅಂವ ಕೆಟ್ಟಾಂವ ಅಲ್ರಿ. ಅವನ ಕೆಲಸ ಕೆಟ್ಟದ್ದು. ಒಬ್ಬನ ಕುಂತಾಗ ಅವನ ಮಾರಿ ನೋಡ್ರಿ" ಎಂಬುದು ಅವಳ ವಾದ.

ಶೇಂಗಾ ಮಾರುವ ಭರಮವ್ವನದು ಇನ್ನೊಂದು ದಾರಿ. ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟುಕೊಳ್ಳುವ ಅವಳು ಐತವಾರ ಬುಟ್ಟಿ ಸಮೇತ ವಖಾರಿಗೆ ಬರುತ್ತಿದ್ದಳು. ಕಥೆಯ ನಡುವೆ ಆಗಾಗ ಯಾರೂ ಮಾತಾಡದ, ಏನೂ ನಡೆಯದ ಅರ್ಧ ನಿಮಿಷ ಬರುತ್ತಿತ್ತು. ಬಯಲು, ಹುಲ್ಲು, ಹುಲ್ಲಿನ ಮೇಲೆ ಗಾಳಿ, ಅಷ್ಟೇ. ಭರಮವ್ವನಿಗೆ ಅದೇ ಎಲ್ಲಕ್ಕಿಂತ ಚಲೋ ಭಾಗ. ಶಿದ್ಲಿಂಗಪ್ಪನಿಗೆ ಅದೇ ತಲೆನೋವು, ಯಾಕೆಂದರೆ ಅರ್ಥ ಹೇಳಲು ಅಲ್ಲಿ ಏನೂ ಇಲ್ಲ. ಅವನು ಅಲ್ಲಿಯೂ ಒಂದು ಉಪಕಥೆ ತುರುಕುತ್ತಿದ್ದ.

"ಹುಲ್ಲು ಅಳ್ಳಾಡೂದು ನಮಗ ಕಾಣತೈತ್ರೀ" ಎಂದಳು ಒಮ್ಮೆ ಭರಮವ್ವ. "ಒಂದೀಟು ಸುಮ್ಮಕಿರ್ರಿ." ಅವನು ಸುಮ್ಮನಿರಲಿಲ್ಲ.

ಮೇ ತಿಂಗಳಲ್ಲಿ ಮಠದ ಹಿರಿಯರು ಮನೆಗೆ ಬಂದರು. ಈ ಶ್ರಾವಣಕ್ಕೆ ಅರ್ಥ ಹೇಳಲು ನೀವೇ ಬರಬೇಕು, ಓದುವವರನ್ನು ಮಾತ್ರ ನೀವೇ ಹುಡುಕಿಕೊಳ್ಳಿ ಎಂದರು. ಶಿದ್ಲಿಂಗಪ್ಪನ ಎದೆ ತುಂಬಿ ಬಂತು. ಓದುವವನ ಮಾತು ಬಂದಾಗ ಮಾತ್ರ ಗೋಡೆ ನೋಡಿದ. ಒಳಗಿಂದ ಶಿವಬಸವ್ವ, "ಚಿಕ್ಕೇರೂರಿಗೆ ಬಸ್ಸು ಅದಾವು" ಎಂದಳು.

ಹತ್ತೊಂಬತ್ತನೆಯ ಐತವಾರ ಕಥೆ ಭರದಿಂದ ನಡೆದಿದ್ದಾಗ ಯಾರೋ ಬಾಗಿಲು ತೆರೆದರು. ಬಿಸಿಲು ಹಿಂದಿನ ಚೀಲಗಳ ಮೇಲೆ ಬಿತ್ತು. ಅಲ್ಲಿ, ತಲೆಗೆ ಟಾವೆಲ್ ಹೊದ್ದು, ಮೊಳಕಾಲು ತಬ್ಬಿ ಕೂತವನು ಕರಬಸಪ್ಪ. ಶಿದ್ಲಿಂಗಪ್ಪ ಟಿವಿಯ ಕಡೆ ತಿರುಗಿಕೊಂಡ. ಇವತ್ತು ಮತ್ತೆ ಮಾನ ಹೋಯಿತೆಂದುಕೊಂಡು, ಉಳಿದ ಕಥೆಯನ್ನು ತಡವರಿಸುತ್ತ ಮುಗಿಸಿದ. ಆದರೆ ಕರಬಸಪ್ಪ ಎದ್ದು ನೇರ ಬಸ್ ಸ್ಟ್ಯಾಂಡಿನ ಕಡೆ ನಡೆದ.

ಶಿದ್ಲಿಂಗಪ್ಪ ಶೇಂಗಾ ಬೇಕಾದವನಂತೆ ಹಿಂದೆಯೇ ಹೋದ. ಮಾತು ಬಿಟ್ಟವರು ನೇರ ಮಾತಾಡುವ ಹಾಗಿಲ್ಲ. ನಡುವೆ ಒಬ್ಬರು ಬೇಕು. ಭರಮವ್ವ ಆಗತಾನೆ ಬುಟ್ಟಿ ಇಳಿಸಿದ್ದಳು. ಅವಳ ಆ ಕಡೆ ಅವನು, ಈ ಕಡೆ ಇವನು, ನಡುವೆ ಎರಡು ಮಾರು ಜಾಗವೂ ಇಲ್ಲ.

"ಭರಮವ್ವಾ, ಚಿಕ್ಕೇರೂರ ಮಂದಿ ಈ ಊರಿಗೆ ಯಾಕ ಬಂದಾರಂತ ಕೇಳು" ಎಂದ ಶಿದ್ಲಿಂಗಪ್ಪ.

"ಬಿತ್ತನಿ ಬೀಜಕ್ಕ ಬಂದೇನಂತ ಹೇಳವಾ" ಎಂದ ಕರಬಸಪ್ಪ.

"ಬೀಜಕ್ಕ ಬಂದಾರಂತ್ರಿ" ಎಂದು ಭರಮವ್ವ ಒಪ್ಪಿಸಿ, ತನ್ನ ಕಡೆಯಿಂದ ಸ್ವಲ್ಪ ಸೇರಿಸಿದಳು. "ಆರು ಐತವಾರ ಆತು ಬೀಜಕ್ಕ ಬರಾಕತ್ತು. ಒಂದು ಕಾಳೂ ಒಯ್ದಿಲ್ಲ. ಬರ್ತಾರ, ಚೀಲದ ಹಿಂದ ಕುಂತು ನಿಮ್ಮ ಮಾತು ಕೇಳ್ತಾರ, ಹೋಗ್ತಾರ."

ಕರಬಸಪ್ಪ ಚಿಕ್ಕೇರೂರಿನ ಮೇಲೆ ಹೋಗುವ ಹಿರೇಕೆರೂರ ಬಸ್ಸು ಬರುವ ದಿಕ್ಕಿಗೆ ಮುಖ ತಿರುಗಿಸಿದ. ಆರು ವಾರ ಎಂಬುದು ಶಿದ್ಲಿಂಗಪ್ಪನಿಗೆ ಎಲ್ಲೋ ನಾಟಿತು. ಈ ಬಾಯಿಯ ಮಾತು ಕೇಳಲು ಚಿಕ್ಕೇರೂರಿನಿಂದ ಆರು ಸಲ ಬಸ್ಸು ಹತ್ತಿದವರು ಇನ್ನಾರೂ ಇರಲಿಲ್ಲ.

"ಆ ಹುಡುಗಿ ಅಂಗಿಗೆ ಎಷ್ಟು ತ್ಯಾಪಿ ಅದಾವಂತ ಕೇಳವಾ ಅವರಿಗೆ" ಎಂದ ಕರಬಸಪ್ಪ.

ಶಿದ್ಲಿಂಗಪ್ಪನಿಗೆ ಗೊತ್ತಿರಲಿಲ್ಲ. ಭರಮವ್ವನಿಗೆ ಗೊತ್ತಿತ್ತು. "ಮೊದಲನೇ ವಾರ ಏಳು ಇದ್ವು" ಎಂದಳು.

"ನಾ ಮೊದಲ ಬಂದಾಗ ನಾಕು. ಆಮ್ಯಾಲೆ ಮೂರು. ಇವತ್ತ ಒಂದು, ಮೊಣಕೈ ಮ್ಯಾಲ, ಹೊಲಿಗಿ ಇನ್ನೂ ಹೊಸಾದು. ಹೊಸಾ ಅಂಗಿ ಹಳೇದ ಆಗೂದು ನೋಡೇನಿ. ಹಳೇದು ಹೊಸಾದ ಆಗೂದು ನೋಡಿಲ್ಲಂತ ಹೇಳು."

"ಅದು ಹಿಂದಿನ ಜನ್ಮ ಅಂತ ಹೇಳು."

"ಜನ್ಮಾ ಬ್ಯಾರೆ ಆದ್ರ ಅದ ಅಂಗಿ ತೊಟ್ಕೊಂಡು ಹುಟ್ಟತಾರೇನಂತ ಕೇಳು" ಎಂದ ಕರಬಸಪ್ಪ. ಆಮೇಲೆ ದನಿ ತಗ್ಗಿಸಿದ. "ಕ್ಯಾಸೆಟ್ಟು ಕಡೀದರಿಂದ ಮೊದಲಿಗೆ ಹಚ್ಚಾಕತ್ತಾರ. ಆ ಜಪಾನದಾಂವ ಇಷ್ಟು ಕ್ಯಾಸೆಟ್ಟಿನಾಗ ಒಂದು ಹೊಲಿಗಿ ಮರ್ತಿಲ್ಲ. ನೋಡಾವ್ರು ನೋಡ್ತಾರಂತ ಅವಗ ಅಷ್ಟು ಭರೋಸ. ಅದಕ್ಕ ಅದು ಚಲೋ ಕಥಿ."

ಬಸ್ಸು ಬಂತು. ಕರಬಸಪ್ಪ ಹತ್ತಿದ. ಭರಮವ್ವ ಶೇಂಗಾದ ಪೊಟ್ಟಣವನ್ನು ಕಿಟಕಿಗೆ ಕೊಟ್ಟಳು.

ಶಿದ್ಲಿಂಗಪ್ಪ ನೇರ ವಖಾರಿಗೆ ಬಂದು ಚಮನಬಿಯ ಮುಂದೆ ಟ್ರಂಕು ತೆರೆದ.

"ಯಾ ಕಡೆಯಿಂದ ತಗದ್ರಿ?" ಎಂದಳು ಅವಳು.

"ಎಡದಿಂದ."

"ನಮ್ಮ ತಮ್ಮ ಸವಣೂರ ಉರ್ದು ಸಾಲ್ಯಾಗ ಕಲ್ತಾಂವ. ಅಂವ ಎಲ್ಲಾ ಬಲದಿಂದ ಸುರು ಮಾಡ್ತಾನ." ಅಷ್ಟು ಹೇಳಿ ಚಮನಬಿ ನಗಲು ಸುರುಮಾಡಿದವಳು ನಿಲ್ಲಲಾರದೆ ಭತ್ತದ ಚೀಲದ ಮೇಲೆ ಕೂತಳು. ಕಣ್ಣೊರೆಸಿಕೊಂಡು, "ನಾ ಯಾರಿಗೂ ಹೇಳೂದಿಲ್ಲ ಬಿಡ್ರಿ. ಉಳಿದದ್ದು ಮೂರು. ಇದ ಮೊದಲ ಜನ್ಮ ಅಂತ ಹೇಳಿ ಮುಗಿಸಿಬಿಡ್ರಿ" ಎಂದಳು.

ಅದು ಸುಲಭವಾಗಿತ್ತು. ಮುಚ್ಚಿಟ್ಟರೆ ಶಾಲು ಹೊದಿಸುವವರಿದ್ದರು, ಮಠ ತಿರುಗಿ ಸಿಗುತ್ತಿತ್ತು, ಶಿಗ್ಗಾವಿಯಿಂದ ಓದುವವನನ್ನು ಕರೆಸಿದರಾಯಿತು. ಮುಂದಿನ ಎರಡು ಐತವಾರ ಹೇಗೋ ಜನ್ಮದ ಮಾತಿನಲ್ಲೇ ದಾಟಿಸಿದ. ಆದರೆ ಶಿದ್ಲಿಂಗಪ್ಪನಿಗೆ ಆ ಎರಡು ವಾರ ನಿದ್ದೆ ಬರಲಿಲ್ಲ. ಎಲ್ಲರೆದುರು ಎದ್ದುನಿಂತು ಹೇಳಬಹುದಾಗಿದ್ದ ಮಾತನ್ನು ಕರಬಸಪ್ಪ ಬಸ್ ಸ್ಟ್ಯಾಂಡಿನಲ್ಲಿ, ದನಿ ತಗ್ಗಿಸಿ ಹೇಳಿದ್ದ. ಒಂಬತ್ತು ವರ್ಷದ ಹಿಂದೆ ನಗಿಸಿದವನು ಈ ಸಲ ಮಾನ ಮುಚ್ಚಿದ್ದ. ಒಂದು ಪೋಸ್ಟ್ ಕಾರ್ಡ್ ತೆಗೆದು "ಕಡೀ ಐತವಾರಕ್ಕ ಬಾ" ಎಂದಷ್ಟೇ ಬರೆದ. ಅವನು ಬರೆದ ಅತಿ ಚಿಕ್ಕ ಕಾಗದ ಅದೇ ಇರಬೇಕು.

ಕಡೆಯ ಐತವಾರ ವಖಾರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಠದ ಹಿರಿಯರು ಶಾಲು ಹಾರ ಸಮೇತ ಬಂದಿದ್ದರು. ಹಿಂದೆ ಚೀಲಗಳ ಹತ್ತಿರ ಟಾವೆಲ್ ಹೊದ್ದ ತಲೆ ಕಾಣಿಸಿತು. ಬಲಗಡೆಯ ತುದಿಯ ಕ್ಯಾಸೆಟ್ಟು ಹಚ್ಚಿದರು. ಚಿತ್ರದಲ್ಲಿ ಒಬ್ಬ ತಾಯಿ ದೀಪದ ಬೆಳಕಿಗೆ ಹಸಿರು ಅಂಗಿ ಹೊಲಿಯುತ್ತಿದ್ದಳು. ಒಂದೂ ತೇಪೆಯಿಲ್ಲ. ಪುಟ್ಟ ಹುಡುಗಿ ಅದನ್ನು ತೊಟ್ಟು, ದೊಡ್ಡದಾಯಿತೆಂದು ತೋಳು ಮಡಚಿಕೊಂಡಳು. ಶಿದ್ಲಿಂಗಪ್ಪ ಚಮನಬಿಗೆ ಕೈಸನ್ನೆ ಮಾಡಿದ. ಚಿತ್ರ ನಿಂತಿತು.

"ಇದು ಮೊದಲನೇ ಕ್ಯಾಸೆಟ್ಟು" ಎಂದ. "ಜನ್ಮ ಗಿನ್ಮ ಏನೂ ಇಲ್ಲ. ನಾ ಐದು ತಿಂಗಳು ನಿಮಗ ಕಥಿ ಹಿಂದಮುಂದ ಹೇಳೇನಿ. ಅಂಗಿ ನೋಡಿದ್ರ ತಿಳೀತಿತ್ತು. ನಾ ನೋಡಲಿಲ್ಲ." ಕೊರಳಿನ ಕೀಲಿಯನ್ನು ತೆಗೆದು ಟ್ರಂಕಿನ ಮೇಲಿಟ್ಟ. "ಒಂಬತ್ತು ವರ್ಷದ ಹಿಂದನೂ ಹಿಂಗ ಆತು. ಆವತ್ತು ಕರಬಸಪ್ಪ ಓದಿದ್ದು ಬರೋಬ್ಬರಿ ಇತ್ತು. ನಾ ಕೇಳಲಿಲ್ಲ. ನಂದ ತಪ್ಪು."

ನಗು ಎಲ್ಲಿಂದ ಸುರುವಾಗುತ್ತದೆಂದು ಶಿದ್ಲಿಂಗಪ್ಪ ಕಾದ. ಎದ್ದದ್ದು ಫಕ್ಕೀರಪ್ಪನ ದನಿ.

"ಹಂಗಾರ ಆ ಕೊಂಬಿನ ರಾಜ," ಎಂದು ಅವನು ಲೆಕ್ಕ ಹಾಕುವವನಂತೆ ಕೇಳಿದ, "ಅಷ್ಟು ಕೆಟ್ಟಾಂವ ಅಷ್ಟು ಚಲೋ ಆದದ್ದು ಇಪ್ಪತ್ತೆರಡು ಜನ್ಮಕ್ಕಲ್ಲೇನ್ರಿ?"

"ಅಲ್ಲ. ಒಂದ ಜನ್ಮದಾಗ."

"ಒಂದ ಜನ್ಮದಾಗ ಆಗತೈತೇನ್ರಿ ಅದು?"

ಶಿದ್ಲಿಂಗಪ್ಪ ಹಿಂದಿನ ಚೀಲಗಳ ಕಡೆ ನೋಡಿದ. "ಆಗತೈತಂತ ಆ ಜಪಾನದಾಂವ ಹೇಳ್ಯಾನ" ಎಂದ. "ನೋಡೂಣು."

ಆಗ ಯಾರೋ ನಕ್ಕರು. ಮತ್ತೊಬ್ಬರು ಸೇರಿದರು. ಐದು ತಿಂಗಳು ಜನ್ಮ ಜನ್ಮಾಂತರದ ಕಾರಣ ಕೇಳಿದ್ದೆಲ್ಲ ನೆನಪಾಗಿ ವಖಾರಿ ಬಿದ್ದು ಬಿದ್ದು ನಕ್ಕಿತು. ಹಿರಿಯರ ಕೈಯಲ್ಲಿ ಹಾರ ಅಲ್ಲಾಡಿತು. ಶಿದ್ಲಿಂಗಪ್ಪ ಈ ಸಲ ಚಪ್ಪಲಿ ಹುಡುಕಲಿಲ್ಲ. ಸ್ವಲ್ಪ ಹೊತ್ತಿಗೆ ಅವನಿಗೂ ನಗು ಬಂತು.

"ಮೊದಲಿಂದ ಹಚ್ಚವಾ ಚಮನಬಿ" ಎಂದು ಭರಮವ್ವ ಅಂದಳು. ಕರಬಸಪ್ಪ ಚಾಪೆಗಳನ್ನು ದಾಟಿಕೊಂಡು ಮುಂದೆ ಬಂದು, ಶಿದ್ಲಿಂಗಪ್ಪನ ಬಾಕಿನ ಇನ್ನೊಂದು ತುದಿಗೆ ಕೂತ. ಮಧ್ಯಸ್ಥಿಕೆಗೆ ಯಾರನ್ನೂ ಕರೆಯಲಿಲ್ಲ. "ಸರಿ ಅತ್ತಾಗ" ಎಂದ, ಅಷ್ಟೇ.

ಕ್ಯಾಸೆಟ್ಟು ಸುರುವಾಯಿತು. ಹಾಡು ಮುಗಿಯಿತು. ಬಯಲು ಬಂತು, ಹುಲ್ಲು ಬಂತು, ಹುಲ್ಲಿನ ಮೇಲೆ ಗಾಳಿ. ಆಮೇಲೆ ತಾಯಿ ಮಗಳಿಗೆ ಅರಬ್ಬಿಯಲ್ಲಿ ಏನೋ ಹೇಳತೊಡಗಿದಳು. ಮುಂದಿನ ಸಾಲಿನವರು ಅರ್ಥಕ್ಕಾಗಿ ಶಿದ್ಲಿಂಗಪ್ಪನ ಕಡೆ ತಿರುಗಿದರು. ಅವನು ಬಾಯಿ ತೆರೆಯಲಿಲ್ಲ. ಅರ್ಧ ನಿಮಿಷವಾಯಿತು, ಒಂದು ನಿಮಿಷವಾಯಿತು. ಕರಬಸಪ್ಪನಿಗೆ ಗಾಬರಿಯಾಯಿತು.

"ಯಾಕೋ, ಶಿದ್ಲಿಂಗಾ," ಎಂದು ಮೆಲ್ಲಗೆ ಮೊಣಕೈಯಿಂದ ತಿವಿದ, "ಅರ್ಥ ಹೇಳು."

"ತಡಿ" ಎಂದ ಶಿದ್ಲಿಂಗಪ್ಪ. "ಕೇಳಾಕತ್ತೇನಿ."